ಯುದ್ಧ ಶುರುವಾಗಿದ್ದು ಪೋಲೆಂಡಿನಲ್ಲೇ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಎರಡನೇ ಮಹಾಯುದ್ಧದ ಬಗ್ಗೆ ಬಂದ ಲೇಖನ ಓದಿದೆ. ಚೆನ್ನಾಗಿದೆ. ಆದರೆ ಪಕ್ಕದಲ್ಲಿ ಕೊಟ್ಟ ಇಸವಿಗಳ ಪಟ್ಟಿ 1939ರ ಸೆಪ್ಟೆಂಬರ್ 1ಕ್ಕೆ, ಪೋಲೆಂಡಿನಿಂದ ಶುರುವಾಗುತ್ತದೆ. ಅದರಲ್ಲಿ ಚೀನಾದ ಹೆಸರೇ ಇಲ್ಲ. ತಪ್ಪು ನಿಮ್ಮದೊಂದೇ ಅಲ್ಲ ಬಿಡಿ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುತ್ತಿದ್ದ ನಾನೂ ವರ್ಷವರ್ಷ ಇದೇ ತಾರೀಖನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ.

ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗುವ ಹೊತ್ತಿಗೆ ಚೀನಾದಲ್ಲಿ ಜಪಾನಿನ ಜೊತೆ ಯುದ್ಧ ಹತ್ತಿ ಎರಡು ವರ್ಷ ದಾಟಿತ್ತು. 1937ರ ಜುಲೈ 7ರ ರಾತ್ರಿ ಬೀಜಿಂಗ್ ಹತ್ತಿರದ ಮಾರ್ಕೊ ಪೋಲೊ ಸೇತುವೆಯ ಬಳಿ ಗುಂಡು ಹಾರಿತು. ತಮ್ಮ ಸೈನಿಕನೊಬ್ಬ ಕಾಣೆಯಾಗಿದ್ದಾನೆ, ವಾನ್‌ಪಿಂಗ್ ಊರೊಳಗೆ ಹುಡುಕಬೇಕು ಎಂದು ಜಪಾನಿನವರು ಪಟ್ಟು ಹಿಡಿದರು. ಆ ಮನುಷ್ಯ ಸ್ವಲ್ಪ ಹೊತ್ತಿಗೇ ತಾನಾಗಿ ವಾಪಸ್ ಬಂದಿದ್ದ! ಆದರೂ ಜಗಳ ನಿಲ್ಲಲಿಲ್ಲ. ಮಂಚೂರಿಯಾವನ್ನಂತೂ ಜಪಾನ್ 1931ರಲ್ಲೇ ನುಂಗಲು ಶುರುಮಾಡಿ, ಚೀನಾದ ಕೊನೆಯ ಚಕ್ರವರ್ತಿ ಪು ಯಿಯನ್ನು ಅಲ್ಲಿ ಗೊಂಬೆಯಂತೆ ಕೂರಿಸಿತ್ತು.

ಚೀನಾವನ್ನು ಕೆಲವೇ ತಿಂಗಳಲ್ಲಿ ಮುಗಿಸಿಬಿಡಬಹುದು ಎಂಬುದು ಜಪಾನಿನ ಸೇನಾಧಿಕಾರಿಗಳ ಲೆಕ್ಕ. ಆದರೆ ಶಾಂಘೈ ಒಂದೇ ಊರಿಗೆ ಮೂರು ತಿಂಗಳು ಹಿಡಿಯಿತು. ಕೊನೆಗೆ ಚೀನಾ ಸೇನೆ ಹಿಂದೆ ಸರಿಯುವಾಗ ಸಿಹಾಂಗ್ ಎಂಬ ಗೋದಾಮಿನಲ್ಲಿ ಶಿಯೆ ಜಿನ್‌ಯುವಾನ್ ಎಂಬ ಅಧಿಕಾರಿಯ ಜೊತೆ ನಾನೂರು ಚಿಲ್ಲರೆ ಸೈನಿಕರು ಉಳಿದರು. ಶತ್ರುವಿಗೆ ಎಣಿಕೆ ಗೊತ್ತಾಗಬಾರದು ಅಂತ 'ಎಂಟುನೂರು' ಎಂದು ಹೇಳಿಕೊಂಡರು. ಅಕ್ಟೋಬರ್ ಕೊನೆಯ ಆ ನಾಲ್ಕು ದಿನ ಸುಝೌ ಹೊಳೆಯ ಆಚೆ ದಡದಲ್ಲಿ ವಿದೇಶಿಯರ ವಸಾಹತಿನ ಜನ ಗುಂಪುಗೂಡಿ ಕಾದಾಟ ನೋಡುತ್ತಿದ್ದರು. ಒಂದು ಹೊಳೆ ಅಗಲದ ದೂರದಲ್ಲಿ ಯುದ್ಧ ನಡೆಯುತ್ತಿದೆ, ಪ್ರಪಂಚ ದಡದ ಮೇಲೆ ನಿಂತು ನೋಡುತ್ತಿದೆ. ಆಗಿನ ಚೀನಾದ ಸ್ಥಿತಿಯೇ ಅದು ಅಲ್ವಾ?

ಡಿಸೆಂಬರ್ 13ಕ್ಕೆ ರಾಜಧಾನಿ ನಾನ್‌ಜಿಂಗ್ ಬಿತ್ತು. ಅಲ್ಲಿ ನಡೆದ ಹತ್ಯಾಕಾಂಡ ನಿಮ್ಮ ಓದುಗರಿಗೆ ಅಷ್ಟಿಷ್ಟು ಗೊತ್ತಿರುತ್ತದೆ.

ಚೀನಾದವರದು ಬರೀ ವೀರಗಾಥೆ ಅಂತ ನಾನು ಹೇಳುತ್ತಿಲ್ಲ. 1938ರ ಜೂನ್‌ನಲ್ಲಿ ಜಪಾನಿನ ಸೇನೆಯನ್ನು ತಡೆಯಲು ಚಿಯಾಂಗ್ ಕೈ-ಶೆಕ್ ಸರ್ಕಾರ ಹುವಾಯುವಾನ್‌ಕೌ ಎಂಬಲ್ಲಿ ಹಳದಿ ನದಿಯ ಏರಿಯನ್ನೇ ಒಡೆಸಿತು. ಕೆಳಗಿನ ಹಳ್ಳಿಗಳಿಗೆ ಹೇಳಲೂ ಇಲ್ಲ. ಲಕ್ಷಗಟ್ಟಲೆ ಜನ ಸತ್ತರು, ಉಳಿದವರು ಗುಳೆ ಹೋದರು. ಏರಿ ಒಡೆದಿದ್ದು ಜಪಾನಿನ ಬಾಂಬು ಎಂದು ಅದೇ ಸರ್ಕಾರ ಆಗ ಸುಳ್ಳನ್ನೂ ಹೇಳಿತು. ನದಿ ತನ್ನ ಹಳೇ ದಾರಿಗೆ ಮರಳಿದ್ದು 1947ರಲ್ಲಿ. ಸ್ವಂತ ರೈತರನ್ನೇ ಮುಳುಗಿಸಿದ್ದನ್ನು ನಾನಂತೂ ತ್ಯಾಗ ಅನ್ನಲಾರೆ.

ಇಷ್ಟಾದರೂ ಚೀನಾ ಶರಣಾಗಲಿಲ್ಲ. ರಾಜಧಾನಿಯನ್ನು ದೂರದ ಚೊಂಗ್‌ಚಿಂಗ್‌ಗೆ ಸಾಗಿಸಿ, ವರ್ಷಗಟ್ಟಲೆ ಬಾಂಬು ತಿಂದು ಕುಳಿತಿತು. ಯುದ್ಧ ಮುಗಿದಾಗಲೂ ಜಪಾನಿನ ಸುಮಾರು ಹತ್ತು ಲಕ್ಷ ಸೈನಿಕರು ಚೀನಾದ ನೆಲದಲ್ಲೇ ಸಿಕ್ಕಿಕೊಂಡಿದ್ದರು. ಜಪಾನನ್ನು ಮಣಿಸಿದ್ದು ಅಣುಬಾಂಬು ಎಂಬ ಕತೆ ಹೇಳುವಾಗ ಈ ಅಂಕಿ ನೆನಪಿರಬೇಕು.

ನಮ್ಮ ನೆಂಟಸ್ತನವೂ ಒಂದಿದೆ. 1938ರಲ್ಲಿ ಕಾಂಗ್ರೆಸ್ ಚೀನಾಕ್ಕೆ ಕಳಿಸಿದ ಐವರು ಡಾಕ್ಟರುಗಳಲ್ಲಿ ದ್ವಾರಕಾನಾಥ ಕೊಟ್ನೀಸ್ ಒಬ್ಬರು. ಇಲ್ಲೇ ನಮ್ಮ ಗಡಿಯಾಚೆಯ ಸೊಲ್ಲಾಪುರದವರು. ಅಲ್ಲಿನ ಕಮ್ಯುನಿಸ್ಟರ ಎಂಟನೇ ಮಾರ್ಗ ಸೇನೆಯ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾ, ಅಲ್ಲೇ ಗುವೊ ಚಿಂಗ್‌ಲಾನ್ ಎಂಬ ನರ್ಸನ್ನು ಮದುವೆಯಾಗಿ, 1942ರ ಡಿಸೆಂಬರ್ 9ರಂದು ತೀರಿಕೊಂಡರು. ಆಗ ವಯಸ್ಸು ಮೂವತ್ತೆರಡು. ಕೂಸಿಗೆ ಯಿನ್‌ಹುವಾ ಎಂದು ಹೆಸರಿಟ್ಟಿದ್ದರು. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ. ಈಗ ಗಡಿಯ ವಿಷಯದಲ್ಲಿ ಚೀನಾ ಮೇಲೆ ನಮಗೆ ಸಿಟ್ಟಿದೆ, ಇರಲಿ. ಅದಕ್ಕೂ ಇದಕ್ಕೂ ಸುಮ್ನೆ ಗಂಟು ಹಾಕುವುದು ಬೇಡ.

ಯಾವ ವರ್ಷದಿಂದ ಎಣಿಸಬೇಕು ಎನ್ನುವ ಬಗ್ಗೆ ಚೀನಾದಲ್ಲೇ ಒಂದು ಮಾತಿರಲಿಲ್ಲ. ಎಂಟು ವರ್ಷದ ಯುದ್ಧ ಎನ್ನುತ್ತಿದ್ದ ಅಲ್ಲಿನ ಶಾಲಾ ಪುಸ್ತಕಗಳು 2017ರಿಂದ ಹದಿನಾಲ್ಕು ವರ್ಷ ಎನ್ನುತ್ತಿವೆ, ಅಂದರೆ 1931ರಿಂದ. ನೀವು ಅಷ್ಟು ಹಿಂದಕ್ಕೆ ಹೋಗದಿದ್ದರೂ ಪರವಾಗಿಲ್ಲ. ಮುಂದಿನ ಸಲ ಆ ಪಟ್ಟಿ ಹಾಕುವಾಗ ಪೋಲೆಂಡಿನ ಸಾಲಿಗಿಂತ ಮೇಲ್ಗಡೆ 1937ರ ಜುಲೈ 7ಕ್ಕೆ ಒಂದು ಸಾಲು ಜಾಗ ಕೊಡಿ.

ಇಂತಿ,
ನಿಮ್ಮ ಹಳೆಯ ಓದುಗ,
ನಿವೃತ್ತ ಶಿಕ್ಷಕ, ಧಾರವಾಡ