ಹೊಸ ಆರನೇ ತರಗತಿ ಮಕ್ಕಳ ಜೊತೆ ಭಾನುವಾರ ಭೇಟಿ

ನಮ್ಮ ನವೋದಯ ವಸತಿ ಶಾಲೆಯಲ್ಲಿ ಓದಿದ ಗೆಳೆಯ ಗೆಳತಿಯರಿಗೆಲ್ಲ ನಮಸ್ಕಾರ.

ಆರನೇ ತರಗತಿಯ ಹೊಸ ಮಕ್ಕಳು ಹಾಸ್ಟೆಲ್‌ಗೆ ಬಂದಿದ್ದಾರೆ. ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ನಾವು ಅವರ ಜೊತೆ ಕೂತು ಮಾತಾಡಲು ಪ್ರಾಂಶುಪಾಲರು ಒಪ್ಪಿದ್ದಾರೆ. ಜಿಲ್ಲೆಯಲ್ಲೇ ಇರುವವರು ದಯವಿಟ್ಟು ಬನ್ನಿ.

ಭಾಷಣ ಬೇಡ. ಮುಕ್ಕಾಲು ಪಾಲು ಮಕ್ಕಳು ಹಳ್ಳಿಯವರು, ಮೊದಲ ಸಲ ಮನೆ ಬಿಟ್ಟವರು. ರಾತ್ರಿ ಹೊದಿಕೆಯೊಳಗೆ ಅಳುವ ವಯಸ್ಸು. ಬಟ್ಟೆ ಒಗೆಯುವುದು, ಟ್ರಂಕಿನ ಬೀಗದ ಕೈ ಜೋಪಾನ ಮಾಡುವುದು, ಅಮ್ಮ ಕಳಿಸಿದ ಚಕ್ಕುಲಿಯನ್ನು ಪಕ್ಕದ ಮಂಚದವರಿಗೂ ಹಂಚುವುದು, ಇದನ್ನೆಲ್ಲ ನಾವು ಹೇಗೆ ಕಲಿತೆವು ಅಂತ ಹೇಳಿ. ಆ ಪಕ್ಕದ ಮಂಚದವರೇ ಇವತ್ತಿಗೂ ನಮ್ಮ ಕಷ್ಟಕ್ಕೆ ಮೊದಲು ಓಡಿ ಬರುವವರು, ಅಲ್ವಾ?

ಒಂಬತ್ತನೇ ತರಗತಿಯಲ್ಲಿ ಒಂದು ವರ್ಷ ಹಿಂದಿ ರಾಜ್ಯದ ನವೋದಯಕ್ಕೆ ಹೋಗಿ ಬಂದವರು ಖಂಡಿತ ಬರಬೇಕು. ಊಟ, ಚಳಿ, ಮಾತು ಎಲ್ಲ ಬೇರೆ ಇದ್ದ ಕಡೆ ಗೆಳೆತನ ಬೆಳೆದದ್ದನ್ನು ಅವರೇ ಹೇಳಿದರೆ ಚೆನ್ನ.

ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರಿನ ಜೊತೆ ನಿಮ್ಮ ಹೌಸ್, ಅಂದರೆ ಶಾಲೆಯಲ್ಲಿ ನೀವಿದ್ದ ತಂಡ, ಬರೆಯಿರಿ: ಅರಾವಳಿ, ನೀಲಗಿರಿ, ಶಿವಾಲಿಕ್, ಉದಯಗಿರಿ. ಅದೇ ಹೌಸ್‌ನ ಮಕ್ಕಳ ಜೊತೆ ಕೂರಿಸುತ್ತೇವೆ. ಉಡುಗೊರೆ ಏನೂ ಬೇಡ, ಕಥೆಪುಸ್ತಕ ಇದ್ದರೆ ತನ್ನಿ. ದೂರದಲ್ಲಿರುವವರು ಎರಡು ನಿಮಿಷದ ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು, ಅಲ್ಲಿ ಕೇಳಿಸುತ್ತೇವೆ.