ತನಬತ ಪದಬಂಧದ ಬಗ್ಗೆ ಪೋಷಕರಿಗೆ

ಪ್ರಿಯ ಪೋಷಕರೆ,

ನಮಸ್ಕಾರ. ಈ ಭಾನುವಾರ ಮಕ್ಕಳ ಚೀಲದಲ್ಲಿ ಒಂದು ಪದಬಂಧದ ಹಾಳೆ ಇರುತ್ತದೆ. ಚೌಕಗಳೆಲ್ಲ ಖಾಲಿ ಇವೆಯೆಂದು ಮಗುವನ್ನು ಗದರಬೇಡಿ, ನಾವೇ ಹಾಗೆ ಕಳಿಸಿದ್ದೇವೆ. ಉತ್ತರಗಳು ಜಪಾನಿನ ಹಬ್ಬಗಳ ಹೆಸರು, ಸುಳಿವುಗಳು ಕನ್ನಡದಲ್ಲಿ.

ಟೋಕಿಯೊದಲ್ಲಿ ವಾರಕ್ಕೊಮ್ಮೆ ನಡೆಯುವ ಕನ್ನಡ ತರಗತಿಯಲ್ಲಿ ಇಲ್ಲಿನ ಹಬ್ಬ ಯಾಕೆ ಎಂದು ಕೆಲವರು ಕೇಳಿದ್ದೀರಿ. ದೆವ್ವ ಓಡಿಸುವ ಸೆತ್ಸುಬುನ್ ಹಬ್ಬದ ದಿನ ಹುರಿದ ಸೋಯಾ ಕಾಳು ಎರಚಿ ‘ಒನಿ ವಾ ಸೊತೊ, ಫುಕು ವಾ ಉಚಿ’ ಎಂದು ಕೂಗಿ ಬಂದ ಮಗು ಅದನ್ನು ಕನ್ನಡದಲ್ಲಿ ಹೇಳಹೊರಟರೆ ಎರಡನೇ ಮಾತಿಗೇ ಜಪಾನಿಗೆ ಜಾರುತ್ತದೆ. ‘ದೆವ್ವ ಆಚೆ, ಭಾಗ್ಯ ಒಳಗೆ’ ಎನ್ನಲು ಅದಕ್ಕೆ ಪದ ಸಿಗದು. ನಿಮ್ಮಲ್ಲಿ ಪದ ಇದೆ, ಹಬ್ಬ ಗೊತ್ತಿಲ್ಲ. ಹಾಳೆ ತುಂಬಲು ಇಬ್ಬರೂ ಕೂರಬೇಕು.

ಕೆಲವು ಸುಳಿವುಗಳನ್ನು ಮಕ್ಕಳೇ ಬರೆದಿದ್ದಾರೆ. ಸೆತ್ಸುಬುನ್‌ಗೆ ಒಬ್ಬ ಹುಡುಗ ಬರೆದದ್ದು: ‘ಅಪ್ಪ ಕೊಂಬು ಇಟ್ಟುಕೊಂಡು ನಮ್ಮ ಕೈಲಿ ಏಟು ತಿನ್ನುವ ದಿನ.’ ನನಗಂತೂ ಇದಕ್ಕಿಂತ ಒಳ್ಳೆಯದು ಹೊಳೆಯಲಿಲ್ಲ.

ಚೌಕಗಳ ಲೆಕ್ಕದಲ್ಲೂ ಒಂದು ಪಾಠವಿದೆ. ಬೊಂಬೆ ಹಬ್ಬ ಹಿನಮತ್ಸುರಿಗೆ ಜಪಾನಿ ಲಿಪಿ ಹಿರಗಾನದಲ್ಲೂ 5 ಚೌಕ, ಕನ್ನಡದಲ್ಲೂ 5. ಕೊನೆಯ ‘ನ್’ಗೆ ಬೇರೆ ಚೌಕ ಕೊಟ್ಟರೆ ಸೆತ್ಸುಬುನ್ ಎರಡರಲ್ಲೂ 4. ಆದರೆ ಹೊಸ ವರ್ಷದ ಶೋಗತ್ಸು ಜಪಾನಿ ಪದಬಂಧದಲ್ಲಿ 5 ಚೌಕ ಹಿಡಿದರೆ ನಮ್ಮಲ್ಲಿ ಮೂರರಲ್ಲೇ ಮುಗಿಯುತ್ತದೆ. ಅವರು ಬಿಡಿಬಿಡಿಯಾಗಿ ಇಡುವುದನ್ನೆಲ್ಲ ನಮ್ಮ ‘ಶೋ’ ಒಂದೇ ಅಕ್ಷರದಲ್ಲಿ ಹೊರುತ್ತದೆ. ದೀರ್ಘ ಎಂದರೇನೆಂದು ತಿಂಗಳುಗಟ್ಟಲೆ ಹೇಳಿದ್ದು ಮಕ್ಕಳ ತಲೆಗೆ ಹೊಕ್ಕಿದ್ದು ಈ ಚೌಕ ಎಣಿಸಿದ ದಿನ.

ಹಾಳೆಯ ನಡುವಿನ ಪದ ತನಬತ, ಜುಲೈ 7ರ ಹಬ್ಬ. ನೇಯುವ ಒರಿಹಿಮೆ, ದನ ಕಾಯುವ ಹಿಕೊಬೊಶಿ ಆಕಾಶಗಂಗೆಯ ಆಚೀಚೆ ಇದ್ದು ವರ್ಷಕ್ಕೊಮ್ಮೆ ಸೇರುವ ಕತೆ ಮಕ್ಕಳಿಗೆ ಬಾಯಿಪಾಠ. ನೀವು ಹೇಳಬೇಕಾದದ್ದು ಇಷ್ಟು: ಅವಳು ನಮ್ಮ ಅಭಿಜಿತ್ ನಕ್ಷತ್ರ, ಅವನು ಶ್ರವಣ. ಶ್ರಾವಣ ಮಾಸಕ್ಕೆ ಹೆಸರು ಬಂದದ್ದು ಅವನಿಂದಲೇ. 1873ರಲ್ಲಿ ಜಪಾನ್ ಹೊಸ ಕ್ಯಾಲೆಂಡರಿಗೆ ಬದಲಾಗುವ ಮುಂಚೆ ಈ ಹಬ್ಬ ಬರುತ್ತಿದ್ದುದೂ ಹೆಚ್ಚುಕಡಿಮೆ ನಮ್ಮ ಶ್ರಾವಣದ ಹೊತ್ತಿಗೇ. ಸೆಂದೈ ಊರಿನವರು ಈಗಲೂ ಆಗಸ್ಟ್‌ನಲ್ಲೇ ಮಾಡುತ್ತಾರೆ. ಟೋಕಿಯೊದ ಜುಲೈ ಮೊದಲ ವಾರ ಮಳೆಗಾಲ; ಪಾಪ, ಆ ಜೋಡಿ ಮೋಡದ ಹಿಂದೆಯೇ ಸೇರಬೇಕು.

ಹಾಳೆ ತುಂಬುವಾಗ ಮೊಬೈಲ್ ದೂರ ಇಡಿ. ಊರಿಗೆ ಫೋನ್ ಮಾಡಿ ಅಜ್ಜಿಯನ್ನು ಕೇಳಿದರೆ ಅಡ್ಡಿಯಿಲ್ಲ. ಜುಲೈ ಮೊದಲ ಭಾನುವಾರ ಹಾಳೆ ವಾಪಸ್ ಬರಲಿ. ಅವತ್ತು ತನಬತಕ್ಕೆಂದು ತರಗತಿಗೆ ಬಿದಿರಿನ ಕೊಂಬೆ ತರುತ್ತೇವೆ. ಅದಕ್ಕೆ ಕಟ್ಟುವ ಹಾರೈಕೆಯ ಬಣ್ಣದ ಚೀಟಿಯನ್ನು ಮಗುವೇ ಕನ್ನಡದಲ್ಲಿ ಬರೆಯಲಿ. ಒತ್ತಕ್ಷರ ತಪ್ಪಿದ್ದರೂ ತಿದ್ದಲು ಹೋಗಬೇಡಿ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ