ಏರಿನಲ್ಲಿ ನಿಲ್ಲಿಸಿದ ಕಾರು ಹಿಂದಕ್ಕೆ ಜಾರದ ಹಾಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ನಿನ್ನೆ ರಾತ್ರಿ ನೋಡಿದೆ. ಡ್ರೈವಿಂಗ್ ಟೆಸ್ಟಿಗೆ ಇನ್ನು ಹದಿನೈದೇ ದಿನ, ಸ್ಟೇರಿಂಗ್ ಹಿಡಿದರೆ ಕೈ ನಡುಗುತ್ತದೆ ಅಂತ ಬರೆದಿದ್ದೀಯ. ನಲವತ್ನಾಲ್ಕರ ವಯಸ್ಸಿಗೆ ಕಲಿಯುತ್ತಿದ್ದೇನೆ, ಜೊತೆಗಿರುವವರೆಲ್ಲ ಕಾಲೇಜು ಹುಡುಗರು ಅಂತಲೂ ಬರೆದಿದ್ದೀಯ. ನೀನು ಯಾಕೆ ಕಲಿಯುತ್ತಿದ್ದೀಯ ಅಂತ ನನಗೆ ಗೊತ್ತು ಮಾರಾಯ. ವಾರಕ್ಕೆ ಎರಡು ಸಲ ಅಮ್ಮನ ಡಯಾಲಿಸಿಸ್. ಬೆಳಗಿನ ಜಾವ ಐದಕ್ಕೆ ಅವರನ್ನು ಗೇಟಿನ ಹತ್ತಿರ ನಿಲ್ಲಿಸಿಕೊಂಡು ಆಟೋ ಕಾಯುವುದು. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಮುಗಿಸಲು ಮನಸ್ಸಾಗಲಿಲ್ಲ. ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ತಡವಾಗಿ ಕಲಿಯುವವರು ಇನ್ನೂ ನಾಲ್ಕು ಜನ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಿನಗೆ ಹೇಳಿರಲಿಲ್ಲ, ಮೊದಲನೇ ಸಲ ನಾನು ಫೇಲಾಗಿದ್ದೆ. ಹನ್ನೆರಡು ದಿನ ಡ್ರೈವಿಂಗ್ ಸ್ಕೂಲಿನ ಕಾರು ಓಡಿಸಿದ್ದೆ. ಒಂದು ದಿನವೂ ಗಾಡಿ ಆಫ್ ಆಗಿರಲಿಲ್ಲ. ಚೆನ್ನಾಗಿ ಬಂತು ಅಂತಲೇ ಅಂದುಕೊಂಡಿದ್ದೆ. ಟೆಸ್ಟಿನ ದಿನ ಏರಿನಲ್ಲಿ ನಿಲ್ಲಿಸಲು ಹೇಳಿದರು, ನಿಲ್ಲಿಸಿದೆ. ಹೊರಡಿ ಅಂದರು. ಕಾರು ಒಂದು ಮಾರು ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಕ್ಲಚ್ ಪೂರ್ತಿ ಬಿಟ್ಟೆ, ಗಾಡಿ ಆಫ್ ಆಯಿತು. ಅಲ್ಲಿಗೆ ಮುಗಿಯಿತು.

ಮನೆಗೆ ಬಂದ ಮೇಲೆ ಕಾರಣ ಹೊಳೆಯಿತು. ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಯಲ್ಲೂ ಕ್ಲಚ್, ಬ್ರೇಕ್ ಇರುತ್ತವೆ ಅಲ್ವಾ? ಆ ಹನ್ನೆರಡು ದಿನವೂ ನನಗೆ ಗೊತ್ತಾಗದ ಹಾಗೆ ಅವರೇ ಕ್ಲಚ್ ಹಿಡಿಯುತ್ತಿದ್ದರು. ನಾನು ಸ್ಟೇರಿಂಗ್ ತಿರುಗಿಸುತ್ತಿದ್ದೆ, ಅಷ್ಟೇ. ಟ್ರಾಫಿಕ್ಕಿನಲ್ಲಿ ಗಾಡಿ ಆಫ್ ಆದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ ಅಂತ ಅವರು ಹಾಗೆ ಮಾಡಿರಬಹುದು. ಆದರೆ ನನ್ನ ಎಡಗಾಲು ಏನೂ ಕಲಿತಿರಲಿಲ್ಲ.

ಆದ್ದರಿಂದ ನಾಳೆಯೇ ನಿಮ್ಮ ಸರ್‌ಗೆ ಹೇಳು: 'ಸರ್, ಇವತ್ತು ಪೆಡಲ್ ಮೇಲೆ ಕಾಲಿಡಬೇಡಿ. ಅಪಾಯ ಅನ್ನಿಸಿದರೆ ಮಾತ್ರ ಬ್ರೇಕ್ ಹಿಡಿಯಿರಿ. ಆಫ್ ಆದರೆ ಆಗಲಿ.' ಸಂಕೋಚ ಪಡಬೇಡ, ನೀನು ದುಡ್ಡು ಕೊಟ್ಟಿರುವುದೇ ಕಲಿಯಲು. ಮೊದಲ ದಿನ ಹತ್ತು ಸಲ ಆಫ್ ಆಗುತ್ತದೆ. ಪರವಾಗಿಲ್ಲ, ಹತ್ತು ಸಲವೂ ಸ್ಟಾರ್ಟ್ ಮಾಡು.

ಏರಿನಲ್ಲಿ ಎತ್ತುವುದನ್ನು ನಾನು ಕಲಿತದ್ದು ಹೀಗೆ. ಹ್ಯಾಂಡ್ ಬ್ರೇಕ್ ಪೂರ್ತಿ ಎಳೆ. ಕ್ಲಚ್ ಒತ್ತಿ ಫಸ್ಟ್ ಗೇರ್ ಹಾಕು. ಆಕ್ಸಿಲರೇಟರ್ ಸ್ವಲ್ಪ ಒತ್ತಿ ಇಂಜಿನ್ ದನಿ ಒಂದೇ ಸಮ ಬರುವ ಹಾಗೆ ಹಿಡಿದುಕೋ. ಈಗ ಕ್ಲಚ್ ನಿಧಾನವಾಗಿ ಬಿಡುತ್ತಾ ಬಾ, ಹಿಮ್ಮಡಿ ನೆಲಕ್ಕೆ ಊರಿರಲಿ. ಒಂದು ಕಡೆ ಬಂದಾಗ ಇಂಜಿನ್ ದನಿ ತಗ್ಗುತ್ತದೆ, ಗಾಡಿ ಸಣ್ಣಗೆ ನಡುಗುತ್ತದೆ, ಬಾನೆಟ್ ಒಂಚೂರು ಎದ್ದ ಹಾಗೆ ಕಾಣುತ್ತದೆ. ಅದೇ ಹಾಫ್ ಕ್ಲಚ್. ಕಾಲನ್ನು ಅಲ್ಲೇ ನಿಲ್ಲಿಸು, ಅಲ್ಲಾಡಿಸಬೇಡ. ಆಮೇಲೆ ಹ್ಯಾಂಡ್ ಬ್ರೇಕ್ ಇಳಿಸು. ಗಾಡಿ ಹಿಂದಕ್ಕೂ ಹೋಗುವುದಿಲ್ಲ, ಮುಂದಕ್ಕೂ ನುಗ್ಗುವುದಿಲ್ಲ, ಸುಮ್ನೆ ನಿಂತಿರುತ್ತದೆ. ಇನ್ನು ಸ್ವಲ್ಪ ಆಕ್ಸಿಲರೇಟರ್ ಕೊಟ್ಟರೆ ತಾನಾಗಿ ಏರುತ್ತದೆ. ಕಾರು ಹಾಗೆ ನನ್ನ ಮಾತು ಕೇಳಿ ನಿಂತ ಮೊದಲ ದಿನ ಎಷ್ಟು ಖುಷಿಯಾಗಿತ್ತು ಗೊತ್ತಾ? ಒಂದೇ ಒಂದು ಎಚ್ಚರಿಕೆ: ಹೀಗೆ ಹಾಫ್ ಕ್ಲಚ್‌ನಲ್ಲೇ ಜಾಸ್ತಿ ಹೊತ್ತು ನಿಲ್ಲಿಸಬೇಡ, ಕ್ಲಚ್ ಪ್ಲೇಟ್ ಸವೆಯುತ್ತದೆ, ಸುಟ್ಟ ವಾಸನೆ ಬರುತ್ತದೆ.

ನಿನ್ನ ಟೆಸ್ಟ್ ಬೆಂಗಳೂರಿನ ಮಲ್ಲತ್ತಹಳ್ಳಿಯ ಟ್ರ್ಯಾಕಿನಲ್ಲಿ ಅಂದೆ. ಅಲ್ಲಿ ಸೆನ್ಸರ್, ಕ್ಯಾಮೆರಾಗಳು ಲೆಕ್ಕ ಹಿಡಿಯುತ್ತವೆ ಅಂತ ನಿನಗೆ ಭಯ. ನನಗೇನೋ ಅದೇ ಒಳ್ಳೆಯದು ಅನ್ನಿಸುತ್ತದೆ. ಕ್ಯಾಮೆರಾ ನಿನ್ನ ವಯಸ್ಸು ನೋಡುವುದಿಲ್ಲ. ರಿವರ್ಸ್ ಹೋಗುವಾಗ ಆಕ್ಸಿಲರೇಟರ್ ಮುಟ್ಟಲೇ ಬೇಡ, ಸಮತಟ್ಟು ಜಾಗದಲ್ಲಿ ಕ್ಲಚ್ ಒಂದೇ ಸಾಕು. ಗಾಡಿ ಇರುವೆಯ ಹಾಗೆ ಹೋಗಲಿ. ನಿಧಾನ ಇದ್ದಷ್ಟೂ ಕನ್ನಡಿ ನೋಡಿಕೊಂಡು ಸ್ಟೇರಿಂಗ್ ಸರಿಮಾಡಲು ಸಮಯ ಸಿಗುತ್ತದೆ. ಟ್ರ್ಯಾಕಿನ ಇಂಥ ಕಂಬ ಬಂದಾಗ ಇಷ್ಟು ಸುತ್ತು ತಿರುಗಿಸಿ ಅಂತ ಕೆಲವರು ಬಾಯಿಪಾಠ ಮಾಡಿಸುತ್ತಾರೆ. ಅದನ್ನು ನಂಬಬೇಡ. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಆ ಕಂಬ ಇರುವುದಿಲ್ಲ.

ಇನ್ನು ಕಾಗದಪತ್ರ. ಎಲ್‌ಎಲ್‌ಆರ್, ಅಂದರೆ ಕಲಿಯುವವರ ಲೈಸೆನ್ಸ್, ಬಂದು 30 ದಿನ ಆಗಿರಬೇಕು, ಅದು 6 ತಿಂಗಳು ನಡೆಯುತ್ತದೆ, ನಿನ್ನದು ಎರಡೂ ಲೆಕ್ಕಕ್ಕೆ ಸರಿಯಿದೆ. ಟೆಸ್ಟಿಗೆ ಒಯ್ಯುವ ಕಾರಿನ ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟು ಹಿಂದಿನ ದಿನವೇ ನೋಡಿಕೋ. ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಬೇಡ, ಪೆಡಲ್ ಮೇಲೆ ಜಾರುತ್ತದೆ. ಕೂತ ತಕ್ಷಣ ಸೀಟು, ಕನ್ನಡಿ ಸರಿಮಾಡಿ ಬೆಲ್ಟ್ ಹಾಕಿಕೋ.

ಒಂದು ವೇಳೆ ಫೇಲಾದರೂ 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು. ಮೂರು ಸಲ ಆಗದಿದ್ದರೆ ಮಾತ್ರ 60 ದಿನ ಕಾಯಬೇಕು. ನಾನು ಎರಡನೇ ಸಲಕ್ಕೆ ಪಾಸಾದೆ. 'ದುಡ್ಡು ಕೊಡಿ, ಎಲ್ಲಾ ನಾನು ನೋಡಿಕೊಳ್ಳುತ್ತೇನೆ' ಅನ್ನುವವರು ನಿನಗೂ ಸಿಗುತ್ತಾರೆ. ದಯವಿಟ್ಟು ಬೇಡ. ಪಕ್ಕದ ಸೀಟಿನಲ್ಲಿ ಕೂರುವವರು ಅಮ್ಮ.

ಲೈಸೆನ್ಸ್ ಬಂದ ಎರಡು ತಿಂಗಳಿಗೆ ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ ಇಳಿದೆ. ಆಗಾಗ ಮಂಜು, ರಸ್ತೆ ಒದ್ದೆ, ಎದುರಿಗೆ ಲಾರಿ. ಬ್ರೇಕ್ ಒತ್ತಿಯೇ ಇಳಿದರೆ ಬ್ರೇಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ಸೆಕೆಂಡ್ ಗೇರಿಗೆ ಹಾಕಿಕೊಂಡೆ, ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತು. ಇಳಿಜಾರಿನಲ್ಲಿ ಗೇರ್ ಇಳಿಸಲು ಬರಬೇಕು ಅಂತ ಟೆಸ್ಟಿನ ನಿಯಮದಲ್ಲೂ ಇದೆ. ಅದನ್ನು ಬರೆದವರ ಮೇಲೆ ಅವತ್ತು ನನಗೆ ಗೌರವ ಬಂತು.

ಶನಿವಾರ ರಾತ್ರಿ ಬಸ್ಸಿಗೆ ಸೀಟು ಹಾಕಿಸಿದ್ದೇನೆ. ಭಾನುವಾರ ಬೆಳಗ್ಗೆ ಆರಕ್ಕೆ ನಿನ್ನ ತಮ್ಮನ ಹಳೇ ಕಾರು ತೆಗೆಯೋಣ. ಹಿಂದೆ ಮುಂದೆ ಕೆಂಪು ಅಕ್ಷರದ 'ಎಲ್' ಬೋರ್ಡ್ ಅಂಟಿಸಿಡು. ಲೈಸೆನ್ಸ್ ಇರುವವರು ಪಕ್ಕದಲ್ಲಿ ಕೂರಬೇಕಲ್ಲ, ನಾನು ಕೂರುತ್ತೇನೆ. ಆ ಕಾರಿನಲ್ಲಿ ನನ್ನ ಕಾಲಡಿಗೆ ಪೆಡಲ್ ಇಲ್ಲ. ಹ್ಯಾಂಡ್ ಬ್ರೇಕ್ ಮಾತ್ರ ನನ್ನ ಕೈಗೆ ಸಿಗುತ್ತದೆ. ನಿಮ್ಮ ಮನೆ ಹಿಂದಿನ ಏರಿನಲ್ಲಿ ನಿಲ್ಲಿಸೋಣ, ಎತ್ತೋಣ, ಮತ್ತೆ ನಿಲ್ಲಿಸೋಣ. ತಿಂಡಿಗೆ ಅಮ್ಮ ಏನೂ ಮಾಡುವುದು ಬೇಡ ಅಂತ ಹೇಳು, ಬರುವಾಗ ನಾವೇ ಇಡ್ಲಿ ಕಟ್ಟಿಸಿಕೊಂಡು ಬರೋಣ.

ನಿನ್ನ ಗೆಳೆಯ